ಎರಡು ಸ್ಪ್ರಿಂಗ್‌ಗಳ ಓಟ

ಪೀಣ್ಯದಲ್ಲಿ ಸ್ಪ್ರಿಂಗ್ ತಯಾರಿಸುವ ಒಂದು ಸಣ್ಣ ಶೆಡ್‌ನಲ್ಲಿ ನಮ್ಮ ಚಿಕ್ಕಪ್ಪ ಮೇಲ್ವಿಚಾರಕರು. ಅದಕ್ಕೂ ಮೊದಲು ಸೇನೆಯಲ್ಲಿ ಆರ್ಮರರ್ ಆಗಿದ್ದರು. ಆರ್ಮರರ್ ಎಂದರೆ ಗುಂಡು ಹಾರಿಸುವವನಲ್ಲ. ಹಾರಿಸುವವನ ಬಂದೂಕು ಮುನಿಸಿಕೊಂಡಾಗ ಅದನ್ನು ಬಿಚ್ಚಿ ಸರಿಪಡಿಸುವವನು. ಕಳೆದ ತಿಂಗಳು ಅವರನ್ನು ನೋಡಲು ಹೋಗಿದ್ದಾಗ ಮೇಜಿನ ಮೇಲಿದ್ದ ಸ್ಟೇಪ್ಲರ್ ಕೈಕೊಟ್ಟಿತು. ನಾನು ನಾಲ್ಕು ಸಲ ಮೇಜಿಗೆ ಕುಟ್ಟಿದೆ.

"ಕುಟ್ಟಬೇಡ. ಎಲ್ಲಿ ನಿಂತಿದೆ ಅಂತ ಮೊದಲು ನೋಡು" ಎಂದು ಚಿಕ್ಕಪ್ಪ ಅದನ್ನು ಕಿತ್ತುಕೊಂಡರು. ತೆರೆದರೆ ಒಂದು ಪಿನ್ ಅರ್ಧ ಮಡಚಿಕೊಂಡು ಬಾಯಲ್ಲೇ ಸಿಕ್ಕಿಬಿದ್ದಿತ್ತು. ಅದರ ಹಿಂದಿನ ಪಿನ್ ಅದರ ಬೆನ್ನೇರಿ ಕುಳಿತಿತ್ತು. "ಎಸ್‌ಎಲ್‌ಆರ್‌ನಲ್ಲೂ ಇದೇ ಕಥೆ. ಹಳೆಯ ತೋಟಾ ಹೊರಗೆ ಹೋಗಿಲ್ಲ, ಹೊಸದು ಒಳಗೆ ನುಗ್ಗಿದೆ. ಡಬಲ್ ಫೀಡ್ ಅನ್ನುತ್ತೇವೆ."

ಎಸ್‌ಎಲ್‌ಆರ್ ಎಂದರೆ ಸೆಲ್ಫ್ ಲೋಡಿಂಗ್ ರೈಫಲ್. ಬೆಲ್ಜಿಯಂನ ಎಫ್‌ಎಎಲ್ ರೈಫಲ್‌ನ ವಂಶದ್ದು. ನಮ್ಮಲ್ಲಿ ಇಛಾಪುರದ ಕಾರ್ಖಾನೆಯಲ್ಲಿ ತಯಾರಾಯಿತು. ಹಳೆಯ .303 ರೈಫಲಿನ ನಂತರ ದಶಕಗಳ ಕಾಲ ಜವಾನರ ಹೆಗಲ ಮೇಲಿದ್ದದ್ದು ಇದೇ. ಪ್ರತಿ ಗುಂಡಿಗೂ ಬೋಲ್ಟನ್ನು, ಅಂದರೆ ತೋಟಾವನ್ನು ಒಳಗೆ ನೂಕಿ ಹಿಂದಿನಿಂದ ಬಾಗಿಲು ಹಾಕುವ ಉಕ್ಕಿನ ತುಂಡನ್ನು, ಕೈಯಿಂದ ಎಳೆಯುವ ಕೆಲಸ ಇದರಲ್ಲಿಲ್ಲ. ಒಮ್ಮೆ ಟ್ರಿಗರ್ ಎಳೆದರೆ ಒಂದು ಗುಂಡು ಹಾರುತ್ತದೆ, ಮುಂದಿನದು ತಾನೇ ಬಂದು ಕೂರುತ್ತದೆ. ಹಾಗೆ ಬಂದು ಕೂರದಿದ್ದಾಗ ಏನಾಗಿರುತ್ತದೆ ಎಂಬುದೇ ಆ ಮಧ್ಯಾಹ್ನ ಚಿಕ್ಕಪ್ಪ ಹಿಡಿದ ವಿಷಯ. ಅವರಿಗೆ ಇಂಥ ಮಾತಿಗೆ ಕೇಳುಗರು ಸಿಗುವುದು ಅಪರೂಪ.

ಮೊದಲಿಗೆ ಒಂದು ಮಾತು ಸ್ಪಷ್ಟವಾಗಲಿ. ನಾವು ಸಾಮಾನ್ಯವಾಗಿ ಗುಂಡು ಎನ್ನುವುದು ತೋಟಾದ ಮೂತಿಯಲ್ಲಿರುವ ಲೋಹದ ತುಣುಕು ಮಾತ್ರ. ತೋಟಾ ಎಂದರೆ ಹಿತ್ತಾಳೆಯ ಕೋಶ, ಅದರೊಳಗಿನ ಮದ್ದು, ಬುಡದ ಕಿಡಿಬಟ್ಟಲು, ಮೇಲಿನ ಗುಂಡು ಎಲ್ಲ ಸೇರಿದ್ದು. ಎಸ್‌ಎಲ್‌ಆರ್‌ನ 7.62 ಮಿಲಿಮೀಟರ್ ತೋಟಾ ಸುಮಾರು 24 ಗ್ರಾಂ ತೂಗುತ್ತದೆ. ರೈಫಲಿನ ಹೊಟ್ಟೆಗೆ ಸಿಕ್ಕಿಸುವ ತೋಟಾ ಪೆಟ್ಟಿಗೆಯಾದ ಮ್ಯಾಗಜೀನಿನಲ್ಲಿ ಅಂಥವು ಇಪ್ಪತ್ತು. ಹತ್ತಿರ ಹತ್ತಿರ ಅರ್ಧ ಕಿಲೋ.

ಮದ್ದು ಹೊತ್ತಿದಾಗ ಕೋಶದೊಳಗಿನ ಒತ್ತಡ ವಾತಾವರಣದ ಒತ್ತಡದ ಮೂರು ಸಾವಿರ ಪಟ್ಟನ್ನು ಮೀರುತ್ತದೆ. ಗುಂಡು ನಳಿಗೆಯಲ್ಲಿ ಓಡುತ್ತಿರುವಾಗಲೇ ಅದರ ಬೆನ್ನಟ್ಟಿ ಬರುವ ಅನಿಲದಲ್ಲಿ ಒಂದಿಷ್ಟು ಪಾಲು ನಳಿಗೆಯ ಮೇಲಿನ ಸಣ್ಣ ರಂಧ್ರದಿಂದ ತಪ್ಪಿಸಿಕೊಂಡು ಪಿಸ್ಟನ್ನಿಗೆ ಬಡಿಯುತ್ತದೆ. ಪಿಸ್ಟನ್ ಬೋಲ್ಟನ್ನು ಹಿಂದಕ್ಕೆ ನೂಕುತ್ತದೆ. ಹಿಂದೆ ಹೋಗುವ ಬೋಲ್ಟ್ ತನ್ನ ಮೂತಿಯಲ್ಲಿರುವ ಕೊಕ್ಕೆಯಿಂದ ಖಾಲಿ ಕೋಶವನ್ನು ಎಳೆದು ಹೊರಗೆಸೆಯುತ್ತದೆ. ಜೊತೆಗೆ ರೈಫಲ್‌ನ ಹಿಂಗಟ್ಟಿನಲ್ಲಿರುವ ಸ್ಪ್ರಿಂಗನ್ನು ಒತ್ತುತ್ತದೆ. ಆ ಸ್ಪ್ರಿಂಗ್ ಬೋಲ್ಟನ್ನು ಮತ್ತೆ ಮುಂದಕ್ಕೆ ತಳ್ಳಿದಾಗ, ಬೋಲ್ಟಿನ ಕೆಳತುಟಿ ಮ್ಯಾಗಜೀನಿನ ಮೇಲ್ತುದಿಯಲ್ಲಿ ಕಾದು ಕುಳಿತ ತೋಟಾದ ಬುಡಕ್ಕೆ ಗುದ್ದಿ ಅದನ್ನು ನಳಿಗೆಯ ಹಿಂತುದಿಯ ಗೂಡಾದ ಚೇಂಬರಿಗೆ ನುಗ್ಗಿಸುತ್ತದೆ. ಇದೇ ವಂಶದ ರೈಫಲ್ ಸತತವಾಗಿ ಹಾರಿಸುವಂತಿದ್ದರೆ ನಿಮಿಷಕ್ಕೆ ಆರುನೂರಕ್ಕೂ ಹೆಚ್ಚು ಸಲ ಈ ಸುತ್ತು ನಡೆಯುತ್ತದೆ. ಅಂದರೆ ಒಂದು ಸುತ್ತಿಗೆ ಸೆಕೆಂಡಿನ ಹತ್ತನೇ ಒಂದು ಭಾಗವೂ ಹಿಡಿಯುವುದಿಲ್ಲ.

"ಕಾದು ಕುಳಿತ" ಎಂದು ಸಲೀಸಾಗಿ ಬರೆದುಬಿಟ್ಟೆ. ತೊಂದರೆಯೆಲ್ಲ ಇರುವುದು ಆ ಎರಡು ಪದಗಳಲ್ಲೇ. ಬೋಲ್ಟ್ ಹಿಂದಕ್ಕೆ ಹೋಗಿ ಬರುವ ಆ ರೆಪ್ಪೆಯ ಬಡಿತದೊಳಗೆ ಮ್ಯಾಗಜೀನಿನ ತಳದ ಸ್ಪ್ರಿಂಗ್ ಇಡೀ ತೋಟಾಗಳ ಸಾಲನ್ನು ಒಂದು ಮೆಟ್ಟಿಲು ಮೇಲೆತ್ತಿ ಮುಗಿಸಿರಬೇಕು. ಒಂದು ಸ್ಪ್ರಿಂಗ್ ಅಡ್ಡಕ್ಕೆ ಓಡುತ್ತಿದೆ, ಇನ್ನೊಂದು ಉದ್ದಕ್ಕೆ ಏರುತ್ತಿದೆ. ಏರುವುದು ಯಾವಾಗಲೂ ಗೆಲ್ಲಬೇಕು. ಅದು ಕೂದಲೆಳೆಯಷ್ಟು ತಡವಾದರೂ ಬೋಲ್ಟ್ ತೋಟಾದ ಬುಡದ ಬದಲು ಅದರ ಹೊಟ್ಟೆಗೆ ಕಚ್ಚಿಕೊಳ್ಳುತ್ತದೆ, ಇಲ್ಲವೇ ತಲೆಯ ಮೇಲೆ ಹಾದು ಖಾಲಿ ಚೇಂಬರಿನ ಬಾಗಿಲು ಮುಚ್ಚುತ್ತದೆ. ಟ್ರಿಗರ್ ಎಳೆದರೆ ಬರೀ 'ಟಕ್'.

ಈ ಓಟದ ಲೆಕ್ಕದಲ್ಲಿ ಒಂದು ತಮಾಷೆಯಿದೆ. ಮ್ಯಾಗಜೀನ್ ತುಂಬಿದಾಗ ಸ್ಪ್ರಿಂಗ್ ಪೂರ್ತಿ ಅದುಮಿರುತ್ತದೆ, ಬಲ ಹೆಚ್ಚು. ಆದರೆ ಹೊರೆಯೂ ಹೆಚ್ಚು, ಮೇಲಿನ ತೋಟಾ ಮ್ಯಾಗಜೀನಿನ ಬಾಯಂಚಿನ ತುಟಿಗಳಿಗೆ ಒತ್ತಿಕೊಂಡು ಉಜ್ಜುವುದೂ ಹೆಚ್ಚು. ಕೊನೆಯ ಎರಡು ತೋಟಾ ಉಳಿದಾಗ ಹೊರೆ ಹಗುರ. ಆದರೆ ಸ್ಪ್ರಿಂಗ್ ಸಡಿಲವಾಗಿ ಬಲವೂ ಕಡಿಮೆ. ಹಾಗಾಗಿ ಎಷ್ಟನೇ ಗುಂಡಿನಲ್ಲಿ ತಡೆಯಾಯಿತು ಎಂಬುದೇ ಅರ್ಧ ಉತ್ತರ. ಮೊದಲನೆಯದರಲ್ಲೇ ನಿಂತರೆ ತುರುಕಿ ತುಂಬಿದ್ದಾರೆ. ಎರಡು ತೋಟಾ ಕಡಿಮೆ ತುಂಬುವ ಹಳೆಯ ಸಿಪಾಯಿಗಳ ಅಭ್ಯಾಸ ಬಂದದ್ದು ಇದರಿಂದಲೇ. ಕೊನೆಕೊನೆಗೆ ನಿಂತರೆ ಸ್ಪ್ರಿಂಗ್ ಸೋತಿದೆ.

ಸೋಲುವುದು ಹೇಗೆ? ಮ್ಯಾಗಜೀನನ್ನು ತಿಂಗಳುಗಟ್ಟಲೆ ತುಂಬಿಟ್ಟರೆ ಸ್ಪ್ರಿಂಗ್ ಬಳಲಿ ಹೋಗುತ್ತದೆ ಎಂದು ನಾನೂ ನಂಬಿದ್ದೆ. ಚಿಕ್ಕಪ್ಪ ಎದ್ದು ಹೋಗಿ ಆಗಷ್ಟೇ ಸುತ್ತಿ, ಒಲೆಯಲ್ಲಿ ಹದವಾಗಿ ಕಾಯಿಸಿ ತೆಗೆದಿದ್ದ ಒಂದು ಸ್ಪ್ರಿಂಗ್ ತಂದರು. ಅಳತೆ ಪಟ್ಟಿಯ ಪಕ್ಕ ನಿಲ್ಲಿಸಿದರು: 120 ಮಿಲಿಮೀಟರ್. ಪ್ರೆಸ್ಸಿನಲ್ಲಿಟ್ಟು ಸುರುಳಿಗೆ ಸುರುಳಿ ತಾಗುವಂತೆ ಮೂರು ಸಲ ಅದುಮಿದರು. ಮತ್ತೆ ಅಳೆದರೆ 114. "ಆರು ಮಿಲಿಮೀಟರ್ ಕಳೆದುಕೊಂಡಿತು. ಇನ್ನು ಅದುಮು ನೋಡೋಣ." ನಾನು ಅದುಮಿದೆ. ಹತ್ತು ಸಲವಾದರೂ 114 ಅಲ್ಲಾಡಲಿಲ್ಲ. ತಂತಿ ಬಗ್ಗಬೇಕಾದಷ್ಟನ್ನು ಕಾರ್ಖಾನೆಯಲ್ಲೇ ಬಗ್ಗಿಸಿ ಕಳುಹಿಸುವ ಉಪಾಯವಿದು. ಆಮೇಲೆ ಅದರ ಮಿತಿಯೊಳಗೆ ಎಷ್ಟು ಹೊತ್ತು ಅದುಮಿಟ್ಟರೂ ನಷ್ಟ ತೀರಾ ಅಲ್ಪ. ಸ್ಪ್ರಿಂಗನ್ನು ತಿನ್ನುವುದು ಮಿತಿ ಮೀರಿದ ಒತ್ತಡ, ಸಾವಿರಾರು ಸಲದ ಏರಿಳಿತ, ಮತ್ತು ತುಕ್ಕು. ತುಕ್ಕಿನ ಪೆಟ್ಟು ನಾವು ಎಣಿಸುವುದಕ್ಕಿಂತ ದೊಡ್ಡದು. ಸ್ಪ್ರಿಂಗಿನ ಬಿಗಿ ತಂತಿಯ ವ್ಯಾಸದ ನಾಲ್ಕನೇ ಘಾತಕ್ಕೆ ಅನುಗುಣವಾಗಿರುತ್ತದೆ. ತಂತಿ ಶೇ 5ರಷ್ಟು ತೆಳುವಾದರೆ ಬಿಗಿ ಸುಮಾರು ಶೇ 19ರಷ್ಟು ಇಳಿಯುತ್ತದೆ.

ತಡೆಯಾದಾಗ ಆರ್ಮರರ್ ಮೊದಲು ಹಿಡಿಯುವುದು ರೈಫಲನ್ನಲ್ಲ, ಮ್ಯಾಗಜೀನನ್ನು. ಚಿಕ್ಕಪ್ಪ ಪ್ರತಿ ಮ್ಯಾಗಜೀನಿನ ತಳಕ್ಕೂ ಬಿಳಿ ಬಣ್ಣದಲ್ಲಿ ಅಂಕಿ ಬರೆಯುತ್ತಿದ್ದರಂತೆ. ಮೂರನೇ ನಂಬರಿನದನ್ನು ಬೇರೆ ರೈಫಲಿಗೆ ಹಾಕಿದಾಗ ಅಲ್ಲಿಯೂ ತಡೆಯಾದರೆ ಕಳ್ಳ ಮ್ಯಾಗಜೀನಿನಲ್ಲಿದ್ದಾನೆ. ತಡೆ ಮೊದಲಿನ ರೈಫಲಿನಲ್ಲೇ ಉಳಿದರೆ ಕಳ್ಳ ಅಲ್ಲಿದ್ದಾನೆ. ಇಷ್ಟು ಸರಳವಾದ ಪರೀಕ್ಷೆಯನ್ನು ಬಿಟ್ಟು ಎಲ್ಲವನ್ನೂ ಬಿಚ್ಚಿ ಹರಡುವವರನ್ನು ಕಂಡರೆ ಅವರಿಗೆ ಈಗಲೂ ಸಿಟ್ಟು ಬರುತ್ತದೆ. ಬಹುಪಾಲು ಸಲ ಸಿಕ್ಕಿಬೀಳುವುದು ಮ್ಯಾಗಜೀನೇ. ಅದು ಬೀಳುತ್ತದೆ, ಅದರ ಮೇಲೆ ಯಾರೋ ಕಾಲಿಡುತ್ತಾರೆ, ತಗಡಿನ ತುಟಿ ಬಗ್ಗುತ್ತದೆ. ತುಟಿ ಅಗಲವಾದರೆ ತೋಟಾ ಬೇಗ ಬಿಡಿಸಿಕೊಂಡು ಮೂತಿ ಮೇಲಕ್ಕೆತ್ತಿ ನಿಲ್ಲುತ್ತದೆ. ಒಮ್ಮೊಮ್ಮೆ ಎರಡು ಒಟ್ಟಿಗೆ ಹೊರಬರುತ್ತವೆ. ಸ್ಪ್ರಿಂಗಿನ ಮೇಲೆ ಕುಳಿತು ತೋಟಾಗಳನ್ನು ಹೊರುವ ತಟ್ಟೆ ಮುಂದಕ್ಕೆ ವಾಲಿದರೆ ಮೂತಿ ಕೆಳಗಾಗಿ ಎದುರಿನ ಗೋಡೆಗೆ ಗುದ್ದುತ್ತದೆ. ಕಾರ್ಗಿಲ್ ಸಮರದ ಹೊತ್ತಿಗೆ ಎಸ್‌ಎಲ್‌ಆರ್‌ನ ನಂತರ ಬಂದ ಇನ್ಸಾಸ್ ರೈಫಲಿನ ಪ್ಲಾಸ್ಟಿಕ್ ಮ್ಯಾಗಜೀನುಗಳು ಚಳಿಗೆ ಬಿರುಕು ಬಿಡುತ್ತವೆ ಎಂಬ ದೂರು ಪತ್ರಿಕೆಗಳಲ್ಲೆಲ್ಲ ಬಂದಿತ್ತು.

.303ರಲ್ಲಿ ಬೇರೊಂದು ಕಾಟವಿತ್ತು. ಅದರ ತೋಟಾದ ಬುಡಕ್ಕೆ ಹೊರಚಾಚಿದ ಅಂಚಿದೆ. ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿಗಿಂತ ಮುಂದಿರಬೇಕು. ಹಿಂದಿದ್ದರೆ ಕೆಳಗಿನದು ಅದರ ಕಾಲು ಹಿಡಿದು ಬಿಡುವುದೇ ಇಲ್ಲ. .22 ತೋಟಾಕ್ಕೂ ಇದೇ ಬಗೆಯ ಅಂಚು. ಸಾಲದೆಂಬಂತೆ ಗುಂಡಿಗೆ ಮೇಣ ಸವರಿರುತ್ತಾರೆ. ಮೇಣವೂ ಮಸಿಯೂ ಕಲೆತು ಕಾಡಿಗೆಯಂತೆ ಚೇಂಬರಿನ ಬಾಯಿಗೆ ಹತ್ತುತ್ತದೆ. ಅಲ್ಲಿಗೆ ಬೇಕಿರುವುದು ಬ್ರಶ್ಶು ಮತ್ತು ತಾಳ್ಮೆ, ಇನ್ನಷ್ಟು ಎಣ್ಣೆಯಲ್ಲ. ಎಣ್ಣೆ ಸುರಿದು ರೈಫಲನ್ನು ನಮ್ಮ ಇಲ್ಲಿನ ಧೂಳಿನಲ್ಲಿ ಒಂದು ದಿನ ಇಟ್ಟರೆ ಏನಾಗುತ್ತದೆಂದು ತುಮಕೂರು ರಸ್ತೆಯಲ್ಲಿ ಸೈಕಲ್ ಚೈನ್ ನೋಡಿದವರಿಗೆ ಹೇಳಬೇಕಿಲ್ಲ.

ಮ್ಯಾಗಜೀನ್ ನಿರ್ದೋಷಿ ಎಂದಾದರೆ ಅನಿಲದ ಸರದಿ. ಅನಿಲ ಕಡಿಮೆಯಾದರೆ ಬೋಲ್ಟ್ ಅರ್ಧದಾರಿಯಿಂದಲೇ ವಾಪಸಾಗುತ್ತದೆ. ಹೊಸ ತೋಟಾದ ಹಿಂದಕ್ಕೆ ಅದು ತಲುಪುವುದೇ ಇಲ್ಲ. ಹಾಗೆಂದು ಹೆಚ್ಚಿಸುತ್ತಾ ಹೋದರೆ ಬೋಲ್ಟಿನ ವೇಗ ಏರಿ ಮ್ಯಾಗಜೀನ್ ಹಿಂದೆ ಬೀಳುತ್ತದೆ. ಎರಡೂ ರೋಗಕ್ಕೆ ಹೊರಗೆ ಕಾಣುವ ಲಕ್ಷಣ ಒಂದೇ: ಖಾಲಿ ಚೇಂಬರ್. ಎಫ್‌ಎಎಲ್‌ನಲ್ಲಿ ಅನಿಲವನ್ನು ಹೆಚ್ಚು ಕಡಿಮೆ ಮಾಡಲು ಒಂದು ತಿರುಗುವ ಉಂಗುರವಿದೆ. ಮ್ಯಾಗಜೀನಿಗೆ ಒಂದೇ ತೋಟಾ ಹಾಕಿ ಹಾರಿಸಬೇಕು. ಮ್ಯಾಗಜೀನ್ ಖಾಲಿಯಾದಾಗ ಬೋಲ್ಟ್ ಹಿಂದೆಯೇ ನಿಲ್ಲಬೇಕು. ಬೋಲ್ಟ್ ಹಿಂದೆ ನಿಲ್ಲದಿದ್ದರೆ ಒಂದು ಗೀರು ಬಿಗಿದು ಮತ್ತೆ ಹಾರಿಸಬೇಕು. ನಿಲ್ಲತೊಡಗಿದ ಮೇಲೆ ಧೂಳು, ಮಸಿಗಳ ಪಾಲಿಗೆಂದು ಇನ್ನೆರಡು ಗೀರು. ವಿಯೆಟ್ನಾಂನಲ್ಲಿ ಅಮೆರಿಕದ ಎಂ16 ರೈಫಲ್ ಸೈನಿಕರ ಕೈಯಲ್ಲೇ ಕಟ್ಟಿಕೊಂಡು ಕುಖ್ಯಾತವಾದಾಗ ಕಾರಣಗಳ ಪಟ್ಟಿಯಲ್ಲಿ ಬದಲಾದ ಮದ್ದೂ ಇತ್ತು: ರೈಫಲಿನ ವೇಗ ಏರಿತು, ಮಸಿಯೂ ಹೆಚ್ಚಿತು. ಚೇಂಬರಿಗೆ ಕ್ರೋಮ್ ಲೇಪವಿರಲಿಲ್ಲ. ಆ ತೇವದಲ್ಲಿ ತುಕ್ಕು ಹಿಡಿದು ಕೋಶ ಗಚ್ಚಾಗಿ ಕೂತುಬಿಡುತ್ತಿತ್ತು. ಹಿತ್ತಾಳೆಯನ್ನು ಆರಿಸುವುದೇ ಅದು ಒತ್ತಡಕ್ಕೆ ಹಿಗ್ಗಿ ಗೋಡೆಗೆ ಅಂಟಿ, ಮರುಕ್ಷಣ ತುಸು ಕುಗ್ಗಿ ಬಿಡಿಸಿಕೊಳ್ಳುತ್ತದೆಂದು. ಒರಟು ಗೋಡೆಯ ಮುಂದೆ ಆ ಗುಣ ನಡೆಯುವುದಿಲ್ಲ. ಎಂ16 ರೈಫಲನ್ನು ಸ್ವಚ್ಛಗೊಳಿಸುವ ಅಗತ್ಯವೇ ಇಲ್ಲವೆಂಬ ಮಾತು ಹಬ್ಬಿ, ಸಾಮಗ್ರಿಯನ್ನೂ ಸರಿಯಾಗಿ ಕೊಟ್ಟಿರಲಿಲ್ಲ. 1967ರಲ್ಲಿ ಅಲ್ಲಿನ ಸಂಸತ್ತಿನ ಉಪಸಮಿತಿಯೇ ವಿಚಾರಣೆ ನಡೆಸಿತು.

ತಡೆಯನ್ನು ಬಿಡಿಸುವುದಕ್ಕೂ ಒಂದು ಕ್ರಮವಿದೆ. ರೈಫಲಿನ ಬಾಯಿ ಗುರಿಯ ಕಡೆಗೇ ಇರಬೇಕು, ಬೆರಳು ಟ್ರಿಗರಿನಿಂದ ಹೊರಗೆ. ಮೊದಲು ಮ್ಯಾಗಜೀನ್ ತೆಗೆಯಬೇಕು, ಆಮೇಲೆ ಬೋಲ್ಟ್ ಎಳೆಯಬೇಕು. ತಿರುಗಾಮುರುಗಾ ಮಾಡಿದರೆ ಬಿಡಿಸಿದ ಜಾಗಕ್ಕೆ ಇನ್ನೊಂದು ತೋಟಾ ಬಂದು ಕೂರುತ್ತದೆ. ಟ್ರಿಗರ್ ಎಳೆದೂ ಹಾರದಿದ್ದ ತೋಟಾ ಆಗಿದ್ದರೆ ಅರ್ಧ ನಿಮಿಷ ಕಾಯಬೇಕು. ಒಳಗೆ ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು.

"ಎಲ್ಲಕ್ಕಿಂತ ಕೆಟ್ಟ ತಡೆ ಯಾವುದು?" ಎಂದು ಕೇಳಿದೆ.

"ಸದ್ದು ಸಣ್ಣದಾಗಿ ಬಂದದ್ದು" ಎಂದರು ಚಿಕ್ಕಪ್ಪ. 'ಢಂ' ಎನ್ನಬೇಕಾದದ್ದು 'ಪುಸ್' ಎನ್ನುತ್ತದೆ. ಬೋಲ್ಟ್ ಅಲ್ಲಾಡುವುದಿಲ್ಲ, ಹೊಸ ತೋಟಾ ಬರುವುದಿಲ್ಲ. ಹುಡುಗರು ಇದೂ ಮ್ಯಾಗಜೀನಿನ ತಂಟೆಯೆಂದೇ ತಿಳಿದು ಕೈಯಿಂದ ಬೋಲ್ಟ್ ಎಳೆದು ಇನ್ನೊಂದನ್ನು ಹಾರಿಸಲು ಹೋಗುತ್ತಾರೆ. ಆದರೆ ಮದ್ದು ಸಾಲದೆ ಹಿಂದಿನ ಗುಂಡು ನಳಿಗೆಯ ನಡುವೆಯೇ ನಿಂತಿರುತ್ತದೆ. ಆಗ ರೈಫಲನ್ನು ಖಾಲಿ ಮಾಡಿ, ಬೋಲ್ಟ್ ಹೊರತೆಗೆದು, ನಳಿಗೆಯೊಳಗೆ ಬೆಳಕು ಹಾಯುತ್ತದೆಯೇ ಎಂದು ಹಿಂದಿನಿಂದ ನೋಡದೆ ಮುಂದಿನ ಕೆಲಸವಿಲ್ಲ.

ನೋಡದೆ ಹಾರಿಸಿದ ನಳಿಗೆ ಹೇಗಿರುತ್ತದೆ ಎಂದು ಕೇಳಿದ್ದಕ್ಕೆ ಚಿಕ್ಕಪ್ಪ ಎರಡೂ ಕೈಬೆರಳು ಬಾಗಿಸಿ ಗಾಳಿಯಲ್ಲಿ ಒಂದು ಉಬ್ಬು ತೋರಿಸಿದರು, ಇಲಿ ನುಂಗಿದ ಹಾವಿನ ಹೊಟ್ಟೆಯಂತೆ. ಆಮೇಲೆ ಬಾಗಿದ ಪಿನ್ನನ್ನು ಚಿಮಟದಿಂದ ಎಳೆದು ತೆಗೆದು, ಸ್ಟೇಪ್ಲರನ್ನು ಬೆಳಕಿಗೆ ಹಿಡಿದು ಬಾಯಿ ನೋಡಿ, ಬಿಲ್ ಪುಸ್ತಕದ ಪಕ್ಕ ಇಟ್ಟರು.