ನಡುವೆ ಕಟ್ಟಿದ ದುಡ್ಡು ಡಿಕ್ರಿಯ ಆಯಸ್ಸು ಹೆಚ್ಚಿಸುತ್ತಾ?

ಸಾಲದ ದಾವಾದಲ್ಲಿ ಡಿಕ್ರಿ (ಹಣ ಕೊಡಬೇಕೆಂಬ ಕೋರ್ಟಿನ ತೀರ್ಪು) ಸಿಕ್ಕವರು ಅದರ ಅಮಲ್ಜಾರಿಗೆ, ಅಂದರೆ ಕೋರ್ಟಿನ ಮೂಲಕ ವಸೂಲಿಗೆ, 12 ವರ್ಷದೊಳಗೆ ಅರ್ಜಿ ಹಾಕಬೇಕು. ಇದು 1963ರ ಕಾಲಮಿತಿ ಕಾಯ್ದೆಯ ಆರ್ಟಿಕಲ್ 136. ಸಾಲ ವಸೂಲಿಗೆ ದಾವಾ ಹೂಡಲು ಇರುವ 3 ವರ್ಷವೇ ಬೇರೆ. ಇಲ್ಲಿವರೆಗೆ ಸುಲಭ.

ನನಗೆ ಎರಡು ದಿನ ತಲೆ ತಿಂದ ಪ್ರಶ್ನೆ ಇದು: ಡಿಕ್ರಿ ಆದಮೇಲೆ ಸಾಲಗಾರ ಸ್ವಲ್ಪ ದುಡ್ಡು ಕಟ್ಟಿದರೆ, 12 ವರ್ಷದ ಎಣಿಕೆ ಮತ್ತೆ ಒಂದರಿಂದ ಶುರುವಾಗುತ್ತಾ?

ಆಗುತ್ತೆ ಅಂತಲೇ ಬರೆದುಕೊಂಡಿದ್ದೆ. ಪ್ರೋನೋಟಿನಲ್ಲಿ (ಸಾಲ ತೀರಿಸುತ್ತೇನೆಂದು ಬರೆದುಕೊಟ್ಟ ಪತ್ರ) ಹಾಗೇ ಅಲ್ವಾ? ವಾಯಿದೆ ಮುಗಿಯುವ ಮೊದಲು ಒಂದಿಷ್ಟು ಕೊಟ್ಟು, ನೋಟಿನ ಹಿಂದೆ ಬರೆದು ಸಹಿ ಹಾಕಿದರೆ ಹೊಸ 3 ವರ್ಷ ಸಿಗುತ್ತದೆ. ಅದು ಇದೇ ಕಾಯ್ದೆಯ ಸೆಕ್ಷನ್ 19. ಆದರೆ ಆ ಸೆಕ್ಷನ್ನಿನ ಕೊನೆಯಲ್ಲಿರುವ ವಿವರಣೆಯನ್ನು ನಾನು ಓದಿರಲಿಲ್ಲ. ಕೋರ್ಟಿನ ಡಿಕ್ರಿಯಂತೆ ಕೊಡಬೇಕಾದ ಹಣ ಅಲ್ಲಿ 'ಸಾಲ' ಅಲ್ಲ ಎಂದು ಅದು ಹೇಳುತ್ತದೆ. ಸೆಕ್ಷನ್ 18ರ ವಿವರಣೆಯೂ ಅಷ್ಟೇ: ಸಾಲ ಇದೆ ಎಂದು ಬರೆದುಕೊಟ್ಟರೂ ಅಮಲ್ಜಾರಿ ಅರ್ಜಿಗೆ ಹೊಸ ಅವಧಿ ಇಲ್ಲ. ದಯವಿಟ್ಟು ಈ ಎರಡೂ ವಿವರಣೆಗಳನ್ನು ಬಿಡದೆ ಓದಿ.

ಲೆಕ್ಕ ಹಾಕಿ ನೋಡೋಣ. 2002ರ ಜೂನ್ 11ರಂದು 2 ಲಕ್ಷಕ್ಕೆ ಡಿಕ್ರಿ ಆಯಿತು. ಅಪೀಲು ಇಲ್ಲ, ತಡೆಯಾಜ್ಞೆ ಇಲ್ಲ. 2010ರಲ್ಲಿ ಸಾಲಗಾರ 20 ಸಾವಿರ ಕಟ್ಟಿದ. ನನ್ನ ತಪ್ಪು ಉತ್ತರ 2022. ಸರಿ ಉತ್ತರ 2014ರ ಜೂನ್ 11. ಕಟ್ಟಿದ್ದರಿಂದ ಬಾಕಿ ಕಡಿಮೆಯಾಯಿತು, ವಾಯಿದೆ ಒಂದು ದಿನವೂ ಬೆಳೆಯಲಿಲ್ಲ. ಆ ಬಾಕಿ ಕಡಿಮೆಯಾಗಲೂ ಕೋರ್ಟಿನ ಹೊರಗೆ ಕೊಟ್ಟ ದುಡ್ಡು ಕೋರ್ಟಿನಲ್ಲಿ ದಾಖಲಾಗಿರಬೇಕು (ಸಿಪಿಸಿ, ಅಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆ, ಆದೇಶ 21, ನಿಯಮ 2). ಇಲ್ಲದಿದ್ದರೆ ಅಮಲ್ಜಾರಿ ಕೋರ್ಟು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬಡ ಸಾಲಗಾರರು ಸುಮ್ನೆ ಕೈಗೆ ಕೊಟ್ಟು ಬರುತ್ತಾರಲ್ಲ, ಅವರಿಗೆ ಇದನ್ನು ಯಾರಾದರೂ ಹೇಳಬೇಕು.

ಹಳೇ ಪುಸ್ತಕ ಓದುವವರಿಗೆ ಗೊಂದಲ ಇನ್ನೂ ಜಾಸ್ತಿ. 1908ರ ಕಾಲಮಿತಿ ಕಾಯ್ದೆಯಲ್ಲಿ ಅವಧಿ 3 ವರ್ಷ, ಅಮಲ್ಜಾರಿಗೆ ಒಂದೊಂದು ಹೆಜ್ಜೆ ಇಟ್ಟಾಗಲೂ ಮತ್ತೆ 3 ವರ್ಷ, ಒಟ್ಟು ಮಿತಿ 12 ವರ್ಷ (ಈ ಮಿತಿ ಸಿಪಿಸಿ ಸೆಕ್ಷನ್ 48ರಲ್ಲಿತ್ತು). 1964ರ ಜನವರಿ 1ರಿಂದ ಆ ಪದ್ಧತಿಯೇ ಹೋಯಿತು.

ಉಳಿದವು ಚಿಕ್ಕವು. ಅಪೀಲು ಕೋರ್ಟು ಡಿಕ್ರಿ ಕೊಟ್ಟರೆ ಎಣಿಕೆ ಅಲ್ಲಿಂದ. ತಡೆಯಾಜ್ಞೆ ಇದ್ದ ದಿನಗಳನ್ನು ಕಳೆಯಬೇಕು (ಸೆಕ್ಷನ್ 15). ಕಂತಿನ ಡಿಕ್ರಿಯಾದರೆ ಆಯಾ ಕಂತು ತಪ್ಪಿದ ದಿನದಿಂದ. ತಡವಾಯಿತು, ಮನ್ನಿಸಿ ಎನ್ನಲು ಸೆಕ್ಷನ್ 5 ಇಲ್ಲಿ ಸಿಗುವುದಿಲ್ಲ. ಅರ್ಜಿ 12 ವರ್ಷದೊಳಗೆ ಬಿದ್ದಿದ್ದರೆ ಸಾಕು, ಜಪ್ತಿ, ಹರಾಜು ಆಮೇಲೆ ನಡೆದರೂ ತೊಂದರೆಯಿಲ್ಲ.