ನಮ್ದಾಫಾ ಕಾಡು: ಎತ್ತರ ಹಿಡ್ಕೊಂಡು ಓದಿದ್ರೆ ತಲೇಲಿ ಕೂರುತ್ತೆ

ನಾನು ಮೊದಲು ನಮ್ದಾಫಾದ ಪ್ರಾಣಿಗಳ ಹೆಸರನ್ನ ಬರೀ ಬಾಯಿಪಾಠ ಮಾಡ್ತಿದ್ದೆ, ಎರಡು ದಿನಕ್ಕೆ ಎಲ್ಲಾ ಮರ್ತೋಗೋದು. ಆಮೇಲೆ ಯಾವ್ದು ಎಷ್ಟು ಎತ್ತರದಲ್ಲಿ ಅಂತ ನೋಡ್ಕೊಂಡು ಓದಿದೆ, ಆಗ ನೆನಪಲ್ಲಿ ನಿಲ್ತು.

ಜಾಗ ಅರುಣಾಚಲ ಪ್ರದೇಶದ ಚಾಂಗ್‌ಲಾಂಗ್ ಜಿಲ್ಲೆ, ಮ್ಯಾನ್ಮಾರ್ ಗಡಿ ಪಕ್ಕ. ವಿಸ್ತೀರ್ಣ ಸುಮಾರು 1,985 ಚದರ ಕಿಮೀ, ಟೈಗರ್ ರಿಸರ್ವ್ ಆಗಿದ್ದು 1983ರಲ್ಲಿ. ನದಿ ನೋವಾ ದಿಹಿಂಗ್. ಈಗ ಮುಖ್ಯ ವಿಷಯ, ಕಾಡಿನ ತಗ್ಗು ಜಾಗ ಸುಮಾರು 200 ಮೀಟರ್ ಆದ್ರೆ ದಾಫಾ ಬುಮ್ ಶಿಖರ 4,571 ಮೀಟರ್, ಅಂದ್ರೆ ಒಂದೇ ಪಾರ್ಕ್ ಒಳಗೆ ಕೆಳಗೆ ಸೆಕೆಯ ಮಳೆಕಾಡು, ಮೇಲೆ ಹಿಮ. ಹುಲಿ, ಚಿರತೆ, ಕ್ಲೌಡೆಡ್ ಲೆಪರ್ಡ್, ಹಿಮ ಚಿರತೆ ಅಂತ ಪರೀಕ್ಷೆ ಪುಸ್ತಕಗಳಲ್ಲಿ ನಾಲ್ಕೂ ಹೆಸರು ಒಟ್ಟಿಗೆ ಬರೋದು ಇದಕ್ಕೇನೇ.

ಕರ್ಕಾಟಕ ವೃತ್ತ ದಾಟಿ 27 ಡಿಗ್ರಿ ಉತ್ತರದಲ್ಲಿ ಮಳೆಕಾಡು ಹೇಗೆ ಅಂತ ನಂಗೂ ಡೌಟ್ ಇತ್ತು. ಬಂಗಾಳಕೊಲ್ಲಿಯಿಂದ ಬರೋ ಮುಂಗಾರು ಮೋಡ ಇಲ್ಲಿನ ಬೆಟ್ಟಗಳಿಗೆ ಸಿಕ್ಕಿ ಮೇಲೇರಿ ತಣ್ಣಗಾಗಿ ಸುರಿಯುತ್ತೆ, ಉತ್ತರದ ಚಳಿಗಾಳೀನ ಅದೇ ಬೆಟ್ಟಗಳು ತಡೀತವೆ. ಕೆಳಗಿನ ಕಾಡಲ್ಲಿ ಹೊಲ್ಲಾಂಗ್ ಅನ್ನೋ ಭಾರೀ ಮರ, ಕಂಬದ ಥರ ನೆಟ್ಟಗೆ. ನಮ್ಮ ಘಟ್ಟದ ಧೂಪದ ಮರಾನೂ ಇದೇ ಕುಟುಂಬದ್ದು, ಇದನ್ನ ಓದಿದಾಗ ನಂಗೆ ತುಂಬಾ ಖುಷಿಯಾಯ್ತು.

ಇಲ್ಲಿ ನಂಗೆ ತುಂಬಾ ಇಷ್ಟದ ಪ್ರಾಣಿ ಹೂಲಾಕ್ ಗಿಬ್ಬನ್. ಕೋತಿ ಅಂತ ಬರೀಬೇಡಿ, ಮಾರ್ಕ್ಸ್ ಹೋಗುತ್ತೆ, ಇದು ಬಾಲ ಇಲ್ಲದ ವಾನರ, ಇಂಗ್ಲಿಷಲ್ಲಿ ಏಪ್ (ape) ಅಂತಾರಲ್ಲ ಅದು. ಗಂಡು ಕಪ್ಪು, ಹುಬ್ಬು ಮಾತ್ರ ಬಿಳಿ, ಹೆಣ್ಣು ಕಂದು, ಬೆಳಿಗ್ಗೆ ಇಬ್ರೂ ಸೇರಿ ಕೂಗೋದು ತುಂಬಾ ದೂರ ಕೇಳುತ್ತೆ. ಉದ್ದ ಕೈಯಲ್ಲಿ ಕೊಂಬೆಯಿಂದ ಕೊಂಬೆಗೆ ಜೋತಾಡ್ತಾನೇ ಹೋಗುತ್ತೆ, ನೆಲಕ್ಕೆ ಇಳಿಯೋದು ಬಲು ಅಪರೂಪ, ಹಾಗಾಗಿ ಮಧ್ಯೆ ನಾಲ್ಕು ಮರ ಕಡಿದು ಗ್ಯಾಪ್ ಮಾಡಿದ್ರೂ ಆ ಕುಟುಂಬಕ್ಕೆ ದಾರೀನೇ ಮುಚ್ಚಿದ ಹಾಗೆ.

ಮಂಗಟ್ಟೆಗೂ ದೊಡ್ಡ ಮರಾನೇ ಬೇಕು. ದಾಂಡೇಲಿ ಕಡೆ ನೋಡಿರೋರಿಗೆ ಗೊತ್ತಿರುತ್ತೆ, ಹೆಣ್ಣು ಪೊಟರೆ ಒಳಗೆ ಕೂತು ಪೊಟರೆಯ ಬಾಯಿ ಮುಚ್ಕೊಳ್ಳುತ್ತೆ, ಸಣ್ಣ ಸಂದಿಯಲ್ಲಿ ಗಂಡು ಹಣ್ಣು ತಂದು ಕೊಡುತ್ತೆ.

ಕೊನೇದು ನಮ್ದಾಫಾ ಹಾರುವ ಅಳಿಲು. ಹಾರೋದು ಅಂದ್ರೆ ರೆಕ್ಕೆ ಬಡಿಯೋದಲ್ಲ, ಕೈಕಾಲಿನ ಮಧ್ಯದ ಚರ್ಮ ಅಗಲಿಸಿ ಮರದಿಂದ ಮರಕ್ಕೆ ತೇಲೋದು. 1981ರಲ್ಲಿ ದೇಬಾನ್ ಹತ್ರ ಸಿಕ್ಕಿದ ಒಂದೇ ಒಂದು ಅಳಿಲನ್ನ ನೋಡಿ ಅದು ಹೊಸ ಜಾತಿ ಅಂತ ಗುರುತಿಸಿದ್ರು.