ಸಿಎನ್‌ಸಿ ಕೆತ್ತನೆ: ಗಂಟೆಗಳು ಹೋಗುವುದೆಲ್ಲಿ?

ದೇವರ ಮನೆ ಬಾಗಿಲಿಗೆ ಸಿಎನ್‌ಸಿಯಲ್ಲಿ, ಅಂದರೆ ಕಂಪ್ಯೂಟರ್ ಲೆಕ್ಕದಂತೆ ಓಡುವ ಮಷೀನಿನಲ್ಲಿ, ಕೆತ್ತನೆ ಮಾಡಿಸಲು ಹೊರಟವರಿಗೆ ಒಂದು ಗೊಂದಲ ಎದುರಾಗುತ್ತದೆ. ಅದೇ ಡಿಸೈನ್, ಅದೇ ತೇಗದ ಹಲಗೆ. ಒಂದು ವರ್ಕ್‌ಶಾಪ್‌ನಲ್ಲಿ ಮಧ್ಯಾಹ್ನದೊಳಗೆ ಕೆಲಸ ಮುಗಿಯುತ್ತದೆ. ಇನ್ನೊಂದರಲ್ಲಿ ರಾತ್ರಿಯಾದರೂ ಮಷೀನ್ ಓಡುತ್ತಲೇ ಇರುತ್ತದೆ. ಬಿಲ್ಲು ಗಂಟೆಯ ಲೆಕ್ಕದಲ್ಲಿದ್ದರೆ ಏಟು ಜೇಬಿಗೆ. ಮಷೀನ್ ಹಳೆಯದು ಎನ್ನುತ್ತಾರೆ ಕೆಲವರು. ಸಾಫ್ಟ್‌ವೇರ್ ಸರಿಯಿಲ್ಲ ಎನ್ನುತ್ತಾರೆ ಇನ್ನು ಕೆಲವರು. ಸ್ವಲ್ಪ ಹಿಂದಿನಿಂದ ನೋಡಿಕೊಂಡು ಬಂದರೆ ಈ ಗಂಟು ಬಿಡಿಸಬಹುದು.

ಮರ ಕೆತ್ತುವ ಯಂತ್ರ ಇವತ್ತಿನದಲ್ಲ. ಇಂಗ್ಲೆಂಡಿನ ಥಾಮಸ್ ಬ್ರೌನ್ ಜೋರ್ಡನ್ 1845ರಲ್ಲೇ ಅಂಥದ್ದೊಂದಕ್ಕೆ ಪೇಟೆಂಟ್ ಪಡೆದಿದ್ದರು. ಮಾದರಿಯ ಮೇಲೆ ಕಡ್ಡಿ ಆಡಿಸಿದಂತೆ ಪಕ್ಕದಲ್ಲಿ ಕಟರ್‌ಗಳು ಮರ ತೆಗೆಯುತ್ತಿದ್ದವು. ಲಂಡನ್ನಿನ ಪಾರ್ಲಿಮೆಂಟ್ ಕಟ್ಟಡದ ಮರಗೆಲಸಕ್ಕೆ ಅದನ್ನು ಬಳಸಿದರು. ಆದರೆ ಯಂತ್ರ ಮಾಡುತ್ತಿದ್ದುದು ಒರಟು ಕೆಲಸ ಮಾತ್ರ. ಕೊನೆಯ ರೂಪ ಕೊಡುತ್ತಿದ್ದದ್ದು ಉಳಿ ಹಿಡಿದ ಕೈ. 1952ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ತೂತು ಕೊರೆದ ಪಟ್ಟಿಯ ಲೆಕ್ಕದಂತೆ ಮಿಲ್ಲಿಂಗ್ ಮಷೀನ್ ಓಡಿಸಿ ತೋರಿಸಿದರು. 1990ರ ದಶಕದಲ್ಲಿ ಮರ ಕೆತ್ತುವ ಅಗ್ಗದ ಸಿಎನ್‌ಸಿ ಮಷೀನ್, ಅಂದರೆ ರೌಟರ್, ಬಂತು. ಆಮೇಲೆ ಅದು ಸಣ್ಣ ಶೆಡ್ಡುಗಳಿಗೂ ಬಂತು.

ಗೋಜಲು ಹೆಚ್ಚಾದದ್ದು ಉಬ್ಬು ಕೆತ್ತನೆಯ ಕಾಲದಲ್ಲಿ. ನಮ್ಮಲ್ಲಿ ಬಹಳ ಜನ ಇದನ್ನು ಕಲಿತದ್ದು ಆರ್ಟ್‌ಕ್ಯಾಮ್ ಎಂಬ ಸಾಫ್ಟ್‌ವೇರ್‌ನಲ್ಲಿ. ಅದರ ಒಡೆತನದ ಆಟೋಡೆಸ್ಕ್ ಕಂಪನಿ 2018ರಲ್ಲಿ ಅದನ್ನು ನಿಲ್ಲಿಸಿತು. ಆದರೂ ಆಗ ಕಲಿತ ಅಂಕಿಗಳು ಕೈಯಿಂದ ಕೈಗೆ ದಾಟಿ ಬಂದಿವೆ. ಸಣ್ಣ ತುದಿಯ ಬಿಟ್ (ತಿರುಗುತ್ತಾ ಮರ ಕತ್ತರಿಸುವ ಮೊನೆ), ಸಣ್ಣ ಸ್ಟೆಪ್ ಓವರ್, ಎಲ್ಲ ಜಾಬ್‌ಗೂ ಅದೇ. ಗಂಟೆಗಳು ಕರಗುವುದು ಇಲ್ಲೇ.

ಬಿಟ್ ಹೊಲ ಉತ್ತ ಹಾಗೆ ಸಾಲು ಸಾಲಾಗಿ ಹೋಗುತ್ತದೆ. ಎರಡು ಸಾಲಿನ ನಡುವಿನ ಅಂತರವೇ ಸ್ಟೆಪ್ ಓವರ್. 600 ಮಿ.ಮೀ. ಉದ್ದ, 300 ಮಿ.ಮೀ. ಅಗಲದ ಹಲಗೆ ತೆಗೆದುಕೊಳ್ಳಿ. ಸ್ಟೆಪ್ ಓವರ್ 0.3 ಮಿ.ಮೀ. ಇಟ್ಟರೆ 1000 ಸಾಲು, ಅಂದರೆ 600 ಮೀಟರ್ ಓಟ. ನಿಮಿಷಕ್ಕೆ 3 ಮೀಟರ್ ಓಡಿದರೆ 200 ನಿಮಿಷ. 0.15 ಮಾಡಿದರೆ 400 ನಿಮಿಷ. ಒಂದು ಅಂಕಿ ಬದಲಾದರೆ ಅರ್ಧ ದಿನ ಹೋಯಿತು.

ಈಗ ಬಿಟ್ ಬದಲಿಸಿ. ದುಂಡು ತುದಿಯ ವ್ಯಾಸ 1 ಮಿ.ಮೀ. ಇರುವ ಬಿಟ್ 0.3ರ ಸ್ಟೆಪ್ ಓವರ್‌ನಲ್ಲಿ ಸಾಲುಗಳ ನಡುವೆ ಬಿಡುವ ಏಣು ಸುಮಾರು 0.023 ಮಿ.ಮೀ. 6 ಮಿ.ಮೀ. ವ್ಯಾಸದ ಬಾಲ್ ನೋಸ್ (ದುಂಡು ತುದಿಯ) ಬಿಟ್ 0.6ರಲ್ಲಿ ಬಿಡುವುದು 0.015 ಮಿ.ಮೀ. ಅರ್ಧ ಸಮಯ, ಮೇಲಾಗಿ ಹೆಚ್ಚು ನಯ! ದಪ್ಪ ಬಿಟ್ ಸಂದುಗಳಿಗೆ ಇಳಿಯುವುದಿಲ್ಲ ನಿಜ. ಹಾಗಾಗಿ ದೊಡ್ಡದರಲ್ಲಿ ಪೂರ್ತಿ ಓಡಿಸಿ, ಅದು ತಲುಪದ ಜಾಗಕ್ಕೆ ಮಾತ್ರ ಸಣ್ಣದನ್ನು ಕಳಿಸುವುದು ಸರಿಯಾದ ದಾರಿ.

ಫೀಡ್, ಅಂದರೆ ಬಿಟ್ ಮುಂದಕ್ಕೆ ಓಡುವ ವೇಗ, ಜಾಸ್ತಿ ಮಾಡಿದರೆ ಆಗಲ್ವಾ ಎಂದು ಕೇಳುವವರಿದ್ದಾರೆ. ಉಬ್ಬು ಕೆತ್ತನೆಯಲ್ಲಿ ಬಿಟ್ ಪ್ರತಿ ಕೆಲವು ಮಿ.ಮೀ.ಗೆ ಏರಿ ಇಳಿಯಬೇಕು. ಮೇಲೆ ಕೆಳಗೆ ಆಡುವ ಆಕ್ಸಿಸ್ ನಿಮಿಷಕ್ಕೆ 1500 ಮಿ.ಮೀ. ಮಾತ್ರ ಓಡಬಲ್ಲದಾದರೆ, 45 ಡಿಗ್ರಿ ಇಳಿಜಾರಿನಲ್ಲಿ ಅಡ್ಡ ಓಟವೂ ಅಷ್ಟಕ್ಕೇ ನಿಲ್ಲುತ್ತದೆ. ಪರದೆಯ ಮೇಲೆ 6000 ಬರೆದರೂ ಸುಮ್ನೆ. ಓಟ ನಿಧಾನವಾದಾಗ ಬಿಟ್ ತಿರುಗಿಸುವ ಸ್ಪಿಂಡಲ್ ಮಾತ್ರ ಅದೇ ವೇಗದಲ್ಲಿ ತಿರುಗುತ್ತಿದ್ದರೆ ಬಿಟ್ ಕತ್ತರಿಸುವುದಿಲ್ಲ, ಉಜ್ಜುತ್ತದೆ. ಮರ ಸುಟ್ಟು ಕಪ್ಪಾಗುತ್ತದೆ. ತೇಗದಲ್ಲಿ ಸಿಲಿಕಾ ಇರುವುದರಿಂದ ಬಿಟ್ ಮೊದಲೇ ಬೇಗ ಮೊಂಡಾಗುತ್ತದೆ, ಈ ಉಜ್ಜಾಟ ಸೇರಿದರೆ ಇನ್ನೂ ಬೇಗ.

ಮಷೀನ್ ಮಾರಿದವರು ವೇಗ ಹೇಳಿದರು, ಡಿಸೈನ್ ಕೊಟ್ಟವರು ಚಂದ ನೋಡಿದರು, ಆಪರೇಟರ್ ಬಂದ ಫೈಲನ್ನು ಓಡಿಸಿದರು. ಎಲ್ಲರೂ ತಮ್ಮ ಪಾಲಿನ ಕೆಲಸವನ್ನೇ ಮಾಡಿದ್ದಾರೆ. ಆದರೆ ಕಂಪ್ಯೂಟರ್ ಮುಂದೆ ಟೂಲ್‌ಪಾತ್, ಅಂದರೆ ಬಿಟ್ ಓಡುವ ದಾರಿ, ತೀರ್ಮಾನವಾಗುವಾಗ, ಮರ ಗೊತ್ತಿರುವ ಆಚಾರಿ ಪಕ್ಕದಲ್ಲಿ ಇರಲಿಲ್ಲ. ನಾರು ಎತ್ತ ಹೋಗಿದೆ, ಉಪ್ಪುಕಾಗದ ಎಷ್ಟು ಏಣನ್ನು ತೆಗೆಯುತ್ತದೆ, ಎಲ್ಲಿ ಉಳಿಯೇ ಬೇಗ ಎಂದು ಅವರಿಗೆ ಗೊತ್ತು. 0.02 ಮಿ.ಮೀ. ಏಣು ತೆಗೆಯಲು ಮಷೀನ್ ಇನ್ನೊಂದು ಸುತ್ತು ಓಡಬೇಕಿಲ್ಲ. ಎರಡು ಬಾರಿ ಉಪ್ಪುಕಾಗದ ಆಡಿಸಿದರೆ ಸಾಕು.

ಇನ್ನೊಂದು ದಾರಿಯೂ ಇದೆ. ಒಂದೇ ಜಾಬನ್ನು ನಾಲ್ಕೋ ಎಂಟೋ ಸ್ಪಿಂಡಲ್‌ಗಳಲ್ಲಿ ಒಟ್ಟಿಗೆ ಕೆತ್ತುವ ಮಷೀನ್‌ಗಳು. ಒಂದೇ ಥರದ ಹತ್ತಾರು ಕಾಲುಗಳು ಬೇಕಿದ್ದರೆ ಅವು ಚೆನ್ನ. ಒಂದೇ ಬಾಗಿಲಿಗೆ ಅವುಗಳಿಂದ ಉಪಯೋಗವಿಲ್ಲ.

ಬಾಗಿಲು ಮಾಡಿಸುವವರು ಫೈಲ್ ಓಡುವ ಮೊದಲೇ ಒಂದು ಮಾತು ಕೇಳಬಹುದು: ದೇವರ ಮುಖಕ್ಕೂ ಹಿಂದಿನ ಬಯಲಿಗೂ ಒಂದೇ ಸ್ಟೆಪ್ ಓವರ್ ಇಟ್ಟಿದ್ದೀರಾ? ಮುಖ, ಕೈಬೆರಳು, ಆಭರಣಕ್ಕೆ ಸಣ್ಣ ಬಿಟ್ ಬೇಕೇ ಬೇಕು, ಅಲ್ಲಿ ಅವಸರ ಬೇಡ. ಬಯಲು, ಅಂಚುಪಟ್ಟಿ, ತಲೆಯ ಮೇಲಿರುವ ಚೌಕಟ್ಟಿಗೆ ದೊಡ್ಡ ಬಿಟ್ಟೇ ಸಾಕು. ಟೂಲ್‌ಪಾತ್ ಅನ್ನು ಹೀಗೆ ಎರಡು ಭಾಗ ಮಾಡಲು ಕಂಪ್ಯೂಟರ್ ಮುಂದೆ ಹಿಡಿಯುವುದು ಕೆಲವೇ ನಿಮಿಷ.